ಕೂಡೋ ಲೆಕ್ಕವೋ, ಕಳೆಯೋ ಲೆಕ್ಕವೋ?

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ದೇವರಾಯನದುರ್ಗದ ಕಡೆ ಹೊರಟರೆ ದಾರಿಯಲ್ಲಿ ಊರ್ಡಿಗೆರೆ ಸಿಗುತ್ತದೆ. ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರ. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವ ಬೆಟ್ಟಸಾಲು ಇಲ್ಲಿಗೆ ಹತ್ತಿರ. ರಾಗಿ, ತೆಂಗು, ಅಡಿಕೆ, ಹುಣಸೆ, ಹಲಸುಗಳ ಸೀಮೆ ಇದು. ಈ ಕಡೆಯ ಯಾವುದಾದರೊಂದು ಸರ್ಕಾರಿ ಶಾಲೆಯ 4ನೇ ತರಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೇಡಂ ಬೋರ್ಡಿನ ಮೇಲೆ ಮೂರು ಸಾಲಿನ ಒಂದು ಲೆಕ್ಕ ಬರೆಯುತ್ತಾರೆ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಕೊನೆಯ ಪದ ಬರೆದು ಮುಗಿಯುವ ಮೊದಲೇ ಎಲ್ಲಿಂದಲೋ ಒಂದು ದನಿ ಏಳುತ್ತದೆ: “ಮಿಸ್, ಇದು ಕೂಡೋ ಲೆಕ್ಕನಾ, ಕಳೆಯೋ ಲೆಕ್ಕನಾ?”

ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಕೇಳುವ ಮಗುವಿಗೆ ಕೂಡಲು ಬರುತ್ತದೆ, ಕಳೆಯಲು ಬರುತ್ತದೆ, ದಶಕ ತೆಗೆದುಕೊಳ್ಳುವುದೂ ಗೊತ್ತು. 63ರಲ್ಲಿ 28 ಕಳೆ ಎಂದರೆ ತಪ್ಪಿಲ್ಲದೆ ಕಳೆಯುತ್ತದೆ. ಅದೇ ಅಂಕಿಗಳನ್ನು ಮೂರು ವಾಕ್ಯಗಳ ನಡುವೆ ಇಟ್ಟರೆ ಮಾತ್ರ ಕೈ ನಿಲ್ಲುತ್ತದೆ. ಹಾಗಾದರೆ ತೊಡಕು ಇರುವುದು ಕೂಡುವುದರಲ್ಲೂ ಅಲ್ಲ, ಕಳೆಯುವುದರಲ್ಲೂ ಅಲ್ಲ. ಆ ಮೂರು ವಾಕ್ಯಗಳು ಹೇಳುತ್ತಿರುವ ಸಂಗತಿ ಮಗುವಿನ ತಲೆಯೊಳಗೆ ಒಂದು ಚಿತ್ರವಾಗಿ ಮೂಡಿಲ್ಲ. ಚಿತ್ರ ಮೂಡದ ಕಡೆ ಲೆಕ್ಕ ಹುಟ್ಟುವುದಿಲ್ಲ, ಊಹೆ ಹುಟ್ಟುತ್ತದೆ. ವಾಕ್ಯರೂಪದ ಲೆಕ್ಕಗಳ ಕುರಿತು ಕಳೆದ ನಾಲ್ಕೈದು ದಶಕಗಳಲ್ಲಿ ನಡೆದ ಸಂಶೋಧನೆ ಬೇರೆ ಬೇರೆ ದಾರಿಗಳಿಂದ ಬಂದು ತಲುಪಿದ್ದು ಈ ಜಾಗಕ್ಕೇ.

ಪಠ್ಯಪುಸ್ತಕದ ಜೋಡಣೆ ಆ ಊಹೆಗೆ ಅನುಕೂಲ ಮಾಡಿಕೊಡುತ್ತದೆ. ಮೊದಲು ಕ್ರಮ, ಆಮೇಲೆ ಬರೀ ಅಂಕಿಗಳ ಅಭ್ಯಾಸ, ಪಾಠದ ಕೊನೆಯಲ್ಲಿ ನಾಲ್ಕಾರು ಹೇಳಿಕೆ ಲೆಕ್ಕ. ವ್ಯವಕಲನದ ಪಾಠದ ಕೊನೆಯಲ್ಲಿ ಇರುವುದೆಲ್ಲ ವ್ಯವಕಲನವೇ ಎಂದು ಮಗುವಿಗೆ ಗೊತ್ತು. ವಾಕ್ಯ ಓದುವ ಅಗತ್ಯವೇ ಇಲ್ಲ. ದೊಡ್ಡ ಸಂಖ್ಯೆ ಮೇಲೆ, ಚಿಕ್ಕದು ಕೆಳಗೆ. ಪರೀಕ್ಷೆಯಲ್ಲಿ ಎಲ್ಲ ಬಗೆಯ ಲೆಕ್ಕಗಳೂ ಕಲೆತು ಬಂದಾಗ ಆ ಊರುಗೋಲು ಕೈಬಿಟ್ಟು ಹೋಗುತ್ತದೆ. ಅದಕ್ಕೆಂದೇ ಶಾಲೆಗಳಲ್ಲಿ ಇನ್ನೊಂದು ಊರುಗೋಲು ಕೊಡುತ್ತಾರೆ, ಅದು ಸುಳಿವು ಪದಗಳ ಪಟ್ಟಿ. ‘ಒಟ್ಟು’, ‘ಸೇರಿ’, ‘ಹೆಚ್ಚು’ ಬಂದರೆ ಕೂಡು. ‘ಉಳಿದ’, ‘ಕಡಿಮೆ’, ‘ವ್ಯತ್ಯಾಸ’ ಬಂದರೆ ಕಳೆ. ‘ತಲಾ’ ಬಂದರೆ ಗುಣಿಸು. ‘ಹಂಚು’ ಬಂದರೆ ಭಾಗಿಸು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಪಟ್ಟಿ. ಆದರೂ ನನ್ನ ಅಭಿಪ್ರಾಯದಲ್ಲಿ ಪ್ರಾಥಮಿಕ ಗಣಿತಕ್ಕೆ ಇದರಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಯಾಕೆಂದು ಈ ಲೆಕ್ಕದಲ್ಲಿ ನೋಡಿ.

ಲಕ್ಷ್ಮಿಯ ಹತ್ತಿರ 35 ಹುಣಸೆಬೀಜ ಇವೆ. ಇದು ನವೀನನ ಹತ್ತಿರ ಇರುವುದಕ್ಕಿಂತ 8 ಹೆಚ್ಚು. ನವೀನನ ಹತ್ತಿರ ಎಷ್ಟಿವೆ?

ಪಟ್ಟಿ ಕಲಿತ ಮಗು ‘ಹೆಚ್ಚು’ ಎಂಬುದನ್ನು ಹಿಡಿದು 43 ಎನ್ನುತ್ತದೆ. ಸರಿಯುತ್ತರ 27. ಅಳಗುಳಿ ಮಣೆಗೆ ಕೂತ ಇಬ್ಬರ ಮುಂದಿನ ಬೀಜದ ಗುಡ್ಡೆಗಳನ್ನು ಕಣ್ಣಿಗೆ ತಂದುಕೊಂಡ ಮಗು ಈ ತಪ್ಪು ಮಾಡಲಾರದು. ಲಕ್ಷ್ಮಿಯ ಗುಡ್ಡೆ ದೊಡ್ಡದು, ನವೀನನದು ಅದಕ್ಕಿಂತ ಸಣ್ಣದೇ ಆಗಿರಬೇಕು, ಅಷ್ಟು ಸಾಕು. ಇಂಥ ಲೆಕ್ಕಗಳಲ್ಲಿ ಹೇಳಿಕೆಯ ಪದ ಒಂದು ಕಡೆ ಎಳೆಯುತ್ತದೆ, ಮಾಡಬೇಕಾದ ಕ್ರಿಯೆ ಇನ್ನೊಂದು ಕಡೆ ಇರುತ್ತದೆ. ಪದವೂ ಕ್ರಿಯೆಯೂ ಒಂದೇ ದಿಕ್ಕಿನಲ್ಲಿರುವ ಲೆಕ್ಕಗಳಿಗಿಂತ ಇಂಥವುಗಳಲ್ಲಿ ತಪ್ಪು ಹೆಚ್ಚು ಎಂದು ಅಮೆರಿಕದ ಸಂಶೋಧಕರಾದ ಆನ್ ಲೂಯಿಸ್ ಮತ್ತು ರಿಚರ್ಡ್ ಮೇಯರ್ 1987ರಲ್ಲಿ ತೋರಿಸಿದರು. ಅವರು ಪರೀಕ್ಷಿಸಿದ್ದು ಮಕ್ಕಳನ್ನಲ್ಲ, ಕಾಲೇಜು ವಿದ್ಯಾರ್ಥಿಗಳನ್ನು. 1995ರಲ್ಲಿ ಮೇರಿ ಹೆಗಾರ್ಟಿ, ಮೇಯರ್, ಕ್ರಿಸ್ಟೋಫರ್ ಮಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲೆಕ್ಕ ಓದುವವರ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಉಪಕರಣವಿಟ್ಟು ಅಳೆದರು. ಎಡವುವವರ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದುದು ಅಂಕಿಗಳ ಕಡೆಗೆ, ‘ಹೆಚ್ಚು’ ‘ಕಡಿಮೆ’ಯಂಥ ಪದಗಳ ಕಡೆಗೆ. ಸರಿಯಾಗಿ ಬಿಡಿಸುವವರು ಯಾರ ಬಗ್ಗೆ, ಯಾವುದರ ಬಗ್ಗೆ ಮಾತು ಎಂಬುದನ್ನೂ ಗಮನವಿಟ್ಟು ನೋಡುತ್ತಿದ್ದರು. ಆಮೇಲೆ ಆ ಲೆಕ್ಕಗಳನ್ನು ನೆನಪು ಮಾಡಿಕೊಳ್ಳಿ ಎಂದಾಗ ಬಿಡಿಸಿದವರಿಗೆ ಸಂಗತಿ ನೆನಪಿತ್ತು, ಪದಗಳು ಅದಲುಬದಲಾಗಿದ್ದವು. ಎಡವಿದವರಿಗೆ ಪದಗಳು ನೆನಪಿದ್ದವು, ಸಂಗತಿ ತಲೆಕೆಳಗಾಗಿತ್ತು. ಸುಳಿವು ಪದಗಳ ಪಟ್ಟಿ ಕಲಿಸುವಾಗ ನಾವು ಮಕ್ಕಳಿಗೆ ಕೊಡುತ್ತಿರುವುದು ಎಡವುವವರ ಅಭ್ಯಾಸವನ್ನೇ.

ಈ ಅಭ್ಯಾಸ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಫ್ರಾನ್ಸಿನಿಂದ ಒಂದು ಪುರಾವೆ ಇದೆ. ಗ್ರೆನೋಬಲ್‌ನ ಗಣಿತ ಶಿಕ್ಷಣ ಸಂಶೋಧನಾ ಸಂಸ್ಥೆಯವರು ಎರಡು, ಮೂರನೇ ತರಗತಿಯ 97 ಮಕ್ಕಳಿಗೆ ಹೀಗೆ ಕೇಳಿದರು: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕಪ್ತಾನನ ವಯಸ್ಸೆಷ್ಟು? 76 ಮಕ್ಕಳು ಕೊಟ್ಟಿರುವ ಅಂಕಿಗಳನ್ನು ಹೇಗೋ ಜೋಡಿಸಿ ಒಂದು ವಯಸ್ಸು ಹೇಳಿಯೇಬಿಟ್ಟರು. 1980ರಲ್ಲಿ ಇದು ಪ್ರಕಟವಾದಾಗ ಅಲ್ಲಿ ದೊಡ್ಡ ಗದ್ದಲವಾಯಿತು. ಆ ಮಕ್ಕಳು ದಡ್ಡರೇನಲ್ಲ. ಬೋರ್ಡಿನ ಮೇಲೆ ಬಂದ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಬೇಕು, ಉತ್ತರಿಸದೆ ಕೂರುವುದು ತಪ್ಪು ಎಂದು ತರಗತಿ ಅವರಿಗೆ ಅಷ್ಟರಲ್ಲಿ ಕಲಿಸಿತ್ತು. ಶಿಕ್ಷಕರೂ ಮಕ್ಕಳೂ ಬಾಯಿಬಿಟ್ಟು ಹೇಳದೆ ಮಾಡಿಕೊಂಡಿರುವ ಈ ಕರಾರನ್ನು ಫ್ರಾನ್ಸಿನ ಗಣಿತ ಶಿಕ್ಷಣತಜ್ಞ ಗೀ ಬ್ರೂಸೋ ವಿವರವಾಗಿ ಬಿಡಿಸಿ ತೋರಿಸಿದ್ದಾರೆ.

ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 13 ವರ್ಷದವರಿಗೆ ಕೇಳಿದ ಪ್ರಶ್ನೆಯೂ ಹೀಗೆಯೇ ಹೆಸರಾಯಿತು. ಸೇನೆಯ ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಸುತ್ತಾರೆ, 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಶೇ 70ರಷ್ಟು ಮಂದಿ ಭಾಗಾಕಾರ ಸರಿಯಾಗಿ ಮಾಡಿದರು. 32 ಎಂದು ಉತ್ತರಿಸಿದವರು ಶೇ 23 ಮಾತ್ರ. ಶೇ 29ರಷ್ಟು ಮಂದಿ ಬರೆದದ್ದು ‘31, ಶೇಷ 12’. ಉಳಿದ 12 ಸೈನಿಕರು ರಸ್ತೆಯಲ್ಲಿ ನಿಂತಿದ್ದಾರೆ ಎಂಬುದು ಅವರ ಕಣ್ಣಿಗೆ ಬೀಳಲೇ ಇಲ್ಲ.

ಚಿತ್ರ ಮೂಡುವುದು, ಮೂಡದಿರುವುದು ಎಷ್ಟು ಸಣ್ಣ ವಿಷಯದ ಮೇಲೆ ನಿಂತಿದೆ ಎಂದು ಸಂಶೋಧಕ ಟಾಮ್ ಹಡ್ಸನ್ 1983ರಲ್ಲಿ ತೋರಿಸಿದರು. ಮಕ್ಕಳ ಮುಂದೆ ಒಂದು ಚಿತ್ರ, ಅದರಲ್ಲಿ ಕೆಲವು ಹಕ್ಕಿಗಳು, ಅವಕ್ಕಿಂತ ಕಡಿಮೆ ಹುಳುಗಳು. ‘ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚು?’ ಎಂದು ಕೇಳಿದಾಗ ಶಿಶುವಿಹಾರದ ಮಕ್ಕಳಲ್ಲಿ ಶೇ 25ರಷ್ಟು ಮಂದಿ ಸರಿ ಹೇಳಿದರು. ಚಿತ್ರ ಬದಲಾಗಲಿಲ್ಲ, ಪ್ರಶ್ನೆ ಮಾತ್ರ ಬದಲಾಯಿತು: ‘ಹಕ್ಕಿಗಳೆಲ್ಲ ಒಂದೊಂದು ಹುಳು ಹಿಡಿಯಲು ಹೊರಟರೆ ಎಷ್ಟು ಹಕ್ಕಿಗೆ ಹುಳು ಸಿಗಲ್ಲ?’ ಈಗ ಶೇ 96 ಮಂದಿ ಸರಿ ಹೇಳಿದರು. ವ್ಯತ್ಯಾಸ ಎಂಬುದು ಆ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಅದನ್ನು ಕೇಳುವ ಶಾಲೆಯ ರೀತಿ ಗೊತ್ತಿರಲಿಲ್ಲ. ಊರ್ಡಿಗೆರೆಯ ತರಗತಿಯಲ್ಲಿ ಈ ಪ್ರಯೋಗ ಮಾಡಿ ನೋಡಲು ಖರ್ಚೇನೂ ಇಲ್ಲ. 9 ಮಕ್ಕಳನ್ನು ನಿಲ್ಲಿಸಿ 6 ಬಾಳೆಹಣ್ಣು ಹಿಡಿದುಕೊಂಡರಾಯಿತು.

ಕೂಡುವ, ಕಳೆಯುವ ಲೆಕ್ಕಗಳನ್ನು ಸಂಶೋಧಕರು ಅಂಕಿಗಳಿಂದ ವಿಂಗಡಿಸುವುದಿಲ್ಲ, ಒಳಗಿರುವ ಸಂಗತಿಯಿಂದ ವಿಂಗಡಿಸುತ್ತಾರೆ. ಒಂದು ಗುಡ್ಡೆಗೆ ಬಂದು ಸೇರುವುದು ಅಥವಾ ಅದರಿಂದ ಹೋಗುವುದು ಒಂದು ಬಗೆ. ಎರಡು ಭಾಗಗಳಿಂದ ಒಂದು ಇಡೀ ಆಗುವುದು ಇನ್ನೊಂದು. ಎರಡು ಗುಡ್ಡೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಮೂರನೆಯದು, ಇದೇ ಎಲ್ಲಕ್ಕಿಂತ ಕಷ್ಟ. ಒಂದೇ ಬಗೆಯೊಳಗೂ ಗೊತ್ತಿಲ್ಲದ್ದು ಎಲ್ಲಿದೆ ಎಂಬುದರ ಮೇಲೆ ಕಷ್ಟ ಏರುತ್ತದೆ. ‘ಬುಟ್ಟಿಯಲ್ಲಿ 8 ಕಾಯಿ ಇದ್ದವು, ಅಪ್ಪ ಇನ್ನೂ 7 ಹಾಕಿದರು, ಈಗೆಷ್ಟು?’ ಎಂಬುದು 1ನೇ ತರಗತಿಗೂ ಸುಲಭ. ‘ಬುಟ್ಟಿಯಲ್ಲಿ ಒಂದಷ್ಟು ಕಾಯಿ ಇದ್ದವು, ಅಪ್ಪ ಇನ್ನೂ 7 ಹಾಕಿದರು, ಈಗ 15 ಇವೆ, ಮೊದಲು ಎಷ್ಟಿದ್ದವು?’ ಎಂದರೆ 3ನೇ ತರಗತಿಯ ಮಗುವೂ ಯೋಚಿಸುತ್ತದೆ. ಕಥೆ ಎಲ್ಲಿಂದ ಶುರುವಾಯಿತು ಎಂಬುದೇ ಗೊತ್ತಿಲ್ಲದಾಗ ಬುಟ್ಟಿಗೆ ಮೊದಲು ಎಷ್ಟು ಹಾಕಿ ಆಟ ಶುರು ಮಾಡುವುದು? ಕೈಯಲ್ಲಿ ಕಾಯಿ ಹಿಡಿದು ಲೆಕ್ಕ ಮಾಡುವ ಮಗುವಿಗೆ ಇದು ನಿಜವಾದ ಅಡ್ಡಿ.

ಅಮೆರಿಕದ ವಿಸ್ಕಾನ್ಸಿನ್‌ನ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮ ಮತ್ತು ಅವರ ಜತೆಗಾರರು ಈ ವಿಂಗಡಣೆಯನ್ನು ಶಿಕ್ಷಕರ ಕೈಗೆ ಕೊಟ್ಟು ನೋಡಿದರು. 1989ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 40 ಮಂದಿ 1ನೇ ತರಗತಿ ಶಿಕ್ಷಕರಿದ್ದರು. ಅರ್ಧದಷ್ಟು ಮಂದಿಗೆ ಮಕ್ಕಳು ಹೇಗೆ ಯೋಚಿಸುತ್ತಾರೆ ಎಂಬುದರ ಬಗ್ಗೆ ನಾಲ್ಕು ವಾರಗಳ ತರಬೇತಿ ಕೊಟ್ಟರು. ಹೀಗೆಯೇ ಪಾಠ ಮಾಡಿ ಎಂದು ಹೇಳಲಿಲ್ಲ. ತರಬೇತಿ ಪಡೆದವರ ತರಗತಿಗಳಲ್ಲಿ ಬರೀ ಅಂಕಿಗಳ ಅಭ್ಯಾಸಕ್ಕೆ ಹೊತ್ತು ಕಡಿಮೆಯಾಯಿತು, ಹೇಳಿಕೆ ಲೆಕ್ಕಗಳಿಗೆ, ಮಕ್ಕಳ ಮಾತು ಕೇಳುವುದಕ್ಕೆ ಹೆಚ್ಚಾಯಿತು. ಆದರೂ ಅಲ್ಲಿನ ಮಕ್ಕಳು ಕೂಡುವ ಕಳೆಯುವ ಬಾಯಿಪಾಠದಲ್ಲಿ ಹಿಂದೆ ಬೀಳಲಿಲ್ಲ. 1993ರ ಇನ್ನೊಂದು ಅಧ್ಯಯನ ನನಗೆ ಇನ್ನೂ ದೊಡ್ಡದೆನಿಸುತ್ತದೆ. ಗುಣಾಕಾರ, ಭಾಗಾಕಾರದ ಕ್ರಮವನ್ನು ಯಾರೂ ಕಲಿಸದ ಶಿಶುವಿಹಾರದ 70 ಮಕ್ಕಳಿಗೆ ಅವೂ ಸೇರಿದಂತೆ 9 ಬಗೆಯ ಲೆಕ್ಕಗಳನ್ನು ಕಥೆಯಾಗಿ ಹೇಳಿ, ಎಣಿಸಲು ಸಾಮಾನು ಕೊಟ್ಟರು. ಸುಮಾರು ಅರ್ಧದಷ್ಟು ಮಕ್ಕಳು 9ಕ್ಕೂ ಸರಿಯಾದ ದಾರಿ ಹಿಡಿದಿದ್ದರು. ಕಥೆಯಲ್ಲಿ ನಡೆದದ್ದನ್ನು ಕೈಯಲ್ಲಿ ನಡೆಸಿದರು, ಎಣಿಸಿದರು, ಅಷ್ಟೇ. ಮೊದಲು ಕ್ರಮ ಬರಲಿ, ಹೇಳಿಕೆ ಲೆಕ್ಕ ಕೊನೆಗೆ ಎಂಬ ನಮ್ಮ ಪಾಠಕ್ರಮದ ನಂಬಿಕೆಯನ್ನು ಆ 70 ಮಕ್ಕಳು ತಿರುಗಿಸಿ ಹಾಕಿದ್ದಾರೆ. ಸಂಗತಿ ಮೊದಲು, ಅದರಿಂದ ಕ್ರಿಯೆ, ಕೊನೆಗೆ ಅದಕ್ಕೊಂದು ಚಿಹ್ನೆ. ಮಗು ಸಹಜವಾಗಿ ನಡೆಯುವ ದಾರಿ ಅದು.

ತೆಂಗಿನ ಸೀಮೆಯವರು ತಿಳಿಯಲೇಬೇಕಾದ ಕಥೆ ಬ್ರೆಜಿಲ್ ದೇಶದ ರೆಸೀಫಿ ನಗರದ್ದು. ಅಲ್ಲಿನ ಬೀದಿಯಲ್ಲಿ ಎಳನೀರು, ತೆಂಗಿನಕಾಯಿ, ಪಾಪ್‌ಕಾರ್ನ್ ಮಾರುವ ಐವರು ಮಕ್ಕಳನ್ನು ಸಂಶೋಧಕರಾದ ಟೆರೆಜಿನ್ಯಾ ನ್ಯೂನ್ಸ್, ಡೇವಿಡ್ ಕ್ಯಾರಹರ್, ಅನಲೂಸಿಯಾ ಶ್ಲೀಮನ್ ಗಿರಾಕಿಗಳಂತೆ ಹೋಗಿ ಮಾತನಾಡಿಸಿದರು. ಕಾಯಿಗೆ 35 ಎಂದ 12 ವರ್ಷದ ಹುಡುಗನಿಗೆ, ಹತ್ತು ಕಾಯಿಗೆ ಎಷ್ಟಾಯಿತು ಎಂದು ಕೇಳಿದರು. ಅವನು 35ರ ಮುಂದೆ ಸೊನ್ನೆ ಇಡಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರು ಸೇರಿ 315, ಇನ್ನೊಂದಕ್ಕೆ 350 ಎಂದ. ಬೀದಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳದು ಶೇ 98.2 ಸರಿ. ಅವೇ ಲೆಕ್ಕಗಳನ್ನು ಆಮೇಲೆ ಹೇಳಿಕೆಯಾಗಿ ಕೊಟ್ಟಾಗ ಶೇ 73.7. ಬರೀ ಅಂಕಿಗಳಾಗಿ ಕೊಟ್ಟಾಗ ಶೇ 36.8. ಇದು 1985ರಲ್ಲಿ ಪ್ರಕಟವಾಯಿತು. ಕಥೆ ಸೇರಿದರೆ ಲೆಕ್ಕ ಕಷ್ಟವಾಗುತ್ತದೆ ಎಂಬುದು ನಮ್ಮ ಅನುಭವ, ಅಲ್ಲಿ ಕಥೆ ಸೇರಿದ್ದರಿಂದಲೇ ಸುಲಭವಾಗಿತ್ತು. ಆ ಕಥೆ ಮಕ್ಕಳದೇ ಆಗಿದ್ದುದೇ ಕಾರಣ.

ಬೀದಿ ಲೆಕ್ಕವೇ ಸಾಕು, ಶಾಲೆ ಬೇಡ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತಿತರರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ 1400ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಾರುಕಟ್ಟೆಯ ಮಕ್ಕಳು ತೂಕ, ದರ, ಚಿಲ್ಲರೆಗಳ ಲೆಕ್ಕವನ್ನು ಕಾಗದವಿಲ್ಲದೆ ಮಾಡುತ್ತಿದ್ದರು, ಅದಕ್ಕಿಂತ ಸುಲಭವಾದ ಶಾಲೆಯ ಲೆಕ್ಕದಲ್ಲಿ ತಡವರಿಸಿದರು. ಶಾಲೆಯಲ್ಲೇ ಬೆಳೆದ ಮಕ್ಕಳು ಕಾಗದದ ಮೇಲೆ ಮುಂದಿದ್ದರು, ಮಾರುಕಟ್ಟೆಯ ಲೆಕ್ಕ ಎದುರಾದಾಗ ಹಿಂದೆ ಬಿದ್ದರು. ಒಂದರಿಂದ ಇನ್ನೊಂದಕ್ಕೆ ತನ್ನಷ್ಟಕ್ಕೆ ಸೇತುವೆ ಕಟ್ಟಿಕೊಳ್ಳುವುದಿಲ್ಲ. ಕಟ್ಟಬೇಕಾದದ್ದು ತರಗತಿ, ವಾಕ್ಯರೂಪದ ಲೆಕ್ಕ ಇರುವುದೇ ಅದಕ್ಕೆ.

ತುಮಕೂರು ಸೀಮೆಯ ಮಗು ಶಾಲೆಗೆ ಬರುವಾಗ ಖಾಲಿ ಕೈಯಲ್ಲಿ ಬರುವುದಿಲ್ಲ. ಡೇರಿಗೆ ಹಾಲು ಹಾಕಲು ಹೋಗುವ ಅಮ್ಮನ ಜತೆ ನಿಂತು ಲೀಟರು, ಮಿಲಿಲೀಟರು ನೋಡಿರುತ್ತದೆ, ಬಟವಾಡೆಯ ದಿನ ಪಾಸ್‌ಬುಕ್ಕಿನ ಲೆಕ್ಕ ಕೇಳಿರುತ್ತದೆ. ಹೂವನ್ನು ಮೊಳ, ಮಾರುಗಳಲ್ಲಿ ಅಳೆಯುವುದನ್ನು ಕಂಡಿರುತ್ತದೆ. ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಜೋಡಿ ಜೋಡಿಯಾಗಿ ಎತ್ತಿ ಹಾಕುತ್ತ ಎಣಿಸುವುದು ಗೊತ್ತು. ಅಜ್ಜಿಗೆ ಇನ್ನೂ ಪಾವು, ಸೇರು, ಕೊಳಗದ ಅಳತೆ ಬಾಯಲ್ಲಿದೆ. 4 ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ. ‘ತಲಾ 5’ ಎಂಬ ಪುಸ್ತಕದ ಮಾತು ಬಾರದ ಮಗುವಿಗೂ ‘ಒಬ್ಬೊಬ್ರಿಗೆ ಐದೈದು’ ಎಂದರೆ ಕಣ್ಣೆದುರು ಸಾಲು ಕಾಣುತ್ತದೆ.

ಇಲ್ಲಿ ಓದಿನ ವಿಷಯವೂ ಬರುತ್ತದೆ. ಕಾಗುಣಿತ ಕೂಡಿಸಿ ಓದುವ ಮಗು ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲ ವಾಕ್ಯ ಕೈತಪ್ಪಿರುತ್ತದೆ. ನೆನಪಿನ ಜಾಗವೆಲ್ಲ ಅಕ್ಷರಕ್ಕೇ ಖರ್ಚಾದ ಮೇಲೆ ಸಂಗತಿಗೆ ಉಳಿಯುವುದೇನು? ಮನೆಯಲ್ಲಿ ಉರ್ದುವನ್ನೋ ತೆಲುಗನ್ನೋ ಆಡುವ ಮಗುವಿಗೆ ಇದು ಇನ್ನೂ ಭಾರ. ಅದಕ್ಕೇ ಲೆಕ್ಕವನ್ನು ಮೊದಲು ಕಿವಿಗೆ ಹೇಳಬೇಕು, ಬೋರ್ಡಿಗೆ ಆಮೇಲೆ.

ಒಂದು ಪೀರಿಯಡ್ಡು ಹೇಗಿರಬಹುದೆಂದು ನೋಡೋಣ. ಮೇಡಂ ಅಂಕಿಗಳೇ ಇಲ್ಲದ ಲೆಕ್ಕ ಹೇಳುತ್ತಾರೆ. “ಗಂಗಜ್ಜಿ ಮನೆಯಲ್ಲಿ ಒಂದು ಮೂಟೆ ಹುಣಸೆಹಣ್ಣು ಇತ್ತು. ಸೋಮವಾರ ಸ್ವಲ್ಪ ಕುಟ್ಟಿದರು. ಮಂಗಳವಾರ ಅದಕ್ಕಿಂತ ಜಾಸ್ತಿ ಕುಟ್ಟಿದರು. ಇನ್ನೂ ಕುಟ್ಟೋದು ಉಳಿದಿದೆ. ಏನು ನಡೀತಿದೆ ಇಲ್ಲಿ, ಯಾರು ಹೇಳ್ತೀರಿ?” ಕೂಡಲು, ಕಳೆಯಲು ಅಂಕಿಯೇ ಇಲ್ಲದ್ದರಿಂದ ಮಕ್ಕಳು ಕಥೆಯನ್ನೇ ಹೇಳಬೇಕು. “ಅಜ್ಜಿ ಹಣ್ಣು ಕುಟ್ತಾವ್ರೆ ಮಿಸ್.” “ಎರಡು ದಿನ ಕುಟ್ಟವ್ರೆ, ಇನ್ನೂ ಮುಗಿದಿಲ್ಲ.” “ಮಂಗಳವಾರ ಜಾಸ್ತಿ.” ಈಗ ಇಲ್ಲಿ ಏನೇನು ಕೇಳಬಹುದು ಎಂದರೆ ಮಕ್ಕಳಿಂದಲೇ ಪ್ರಶ್ನೆಗಳು ಬರುತ್ತವೆ. ಎರಡು ದಿನಕ್ಕೆ ಎಷ್ಟು ಕುಟ್ಟಿದರು? ಇನ್ನೆಷ್ಟು ಉಳಿದಿದೆ? ಕೂಲಿ ಎಷ್ಟು ಬರುತ್ತದೆ? ಹುಣಸೆ ಕುಟ್ಟುವ ಮನೆಯಿಂದ ಬಂದ ಮಗುವೊಂದು ತೂಕದ ಮಾತೆತ್ತಬಹುದು: “ಸಿಪ್ಪೆ, ಬೀಜ, ನಾರು ಹೋದ್ಮೇಲೆ ತೂಕ ಕಮ್ಮಿ ಆಗುತ್ತಲ್ವಾ ಮಿಸ್?” ಇದು ದಾರಿ ತಪ್ಪಿದ ಮಾತಲ್ಲ. ಆ ಮಗು ಲೆಕ್ಕದೊಳಗೆ ನಿಂತು ಸುತ್ತ ನೋಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. “ಸರಿಯಾಗಿ ಹೇಳಿದೆ ಪುಟ್ಟಾ, ಹಾಗಾದ್ರೆ ನಾವು ಮೂಟೆಯಿಂದ ತೆಗೆದ ಹಣ್ಣಿನ ತೂಕ ಮಾತ್ರ ಹಿಡಿಯೋಣ” ಎಂದು ಮೇಡಂ ಒಪ್ಪಂದ ಮಾಡಿಕೊಳ್ಳುತ್ತಾರೆ. ವಿಜ್ಞಾನಿಗಳೂ ಇಂಥ ಒಪ್ಪಂದ ಮಾಡಿಕೊಂಡೇ ಲೆಕ್ಕಕ್ಕೆ ಕೂರುವುದು.

ಆಮೇಲೆ ಅಂಕಿಗಳು. ಮೂಟೆಯಲ್ಲಿ 40 ಕೆಜಿ. ಸೋಮವಾರ 12 ಕೆಜಿ. ಮಂಗಳವಾರ ಅದಕ್ಕಿಂತ 3 ಕೆಜಿ ಹೆಚ್ಚು. ಪೆನ್ಸಿಲ್ ಮುಟ್ಟುವ ಮೊದಲು ಒಂದು ಪ್ರಶ್ನೆ: ಅರ್ಧ ಮೂಟೆಗಿಂತ ಜಾಸ್ತಿ ಉಳಿದಿರುತ್ತಾ, ಕಮ್ಮಿಯಾ? ಎರಡು ದಿನವೂ ಹತ್ತಕ್ಕಿಂತ ಹೆಚ್ಚು ಕುಟ್ಟಿದ್ದರೆ ಇಪ್ಪತ್ತು ದಾಟಿತು, ಉಳಿದದ್ದು ಅರ್ಧಕ್ಕಿಂತ ಕಡಿಮೆ. ಈ ಅಂದಾಜು ಒಂದು ಕಾವಲು. 40ರಲ್ಲಿ 12 ಕಳೆದು, ಮತ್ತೆ 3 ಕಳೆದು 25 ಎಂದು ಬರೆಯುವ ಮಕ್ಕಳು ಇದ್ದೇ ಇರುತ್ತಾರೆ. 25 ಅರ್ಧಕ್ಕಿಂತ ಹೆಚ್ಚಾಯಿತಲ್ಲ ಎಂದು ಅವರಿಗೇ ಹೊಳೆಯಲು ಅವಕಾಶ ಸಿಗುತ್ತದೆ. ಬೋರ್ಡಿನ ಮೇಲೆ ಉದ್ದನೆಯ ಪಟ್ಟಿ ಬರೆದು ಅದನ್ನು 40 ಎನ್ನಿ. ಅದರಲ್ಲಿ ಸೋಮವಾರದ ತುಂಡು, ಪಕ್ಕದಲ್ಲಿ ಅದಕ್ಕಿಂತ ಸ್ವಲ್ಪ ಉದ್ದನೆಯ ಮಂಗಳವಾರದ ತುಂಡು, ಮಿಕ್ಕಿದ್ದಕ್ಕೆ ಪ್ರಶ್ನೆಯ ಗುರುತು. 12, 15, ಉಳಿದದ್ದು 13. ಇಂಥ ಪಟ್ಟಿಚಿತ್ರವನ್ನು ಸಿಂಗಪುರದ ಶಿಕ್ಷಣ ಇಲಾಖೆಯಲ್ಲಿ ಕೋ ಟೆಕ್ ಹಾಂಗ್ ಮತ್ತು ಅವರ ತಂಡ 1980ರ ದಶಕದಲ್ಲಿ ಪಠ್ಯಕ್ರಮದ ಭಾಗವಾಗಿಯೇ ಬೆಳೆಸಿತು. ಗೊತ್ತಿಲ್ಲದ್ದಕ್ಕೂ ಒಂದು ಉದ್ದ ಕೊಟ್ಟು ಕಣ್ಣಿಗೆ ಕಾಣಿಸುವುದರಿಂದ, ಮುಂದೆ ಬೀಜಗಣಿತಕ್ಕೆ ಹೋಗುವ ಮಗುವಿಗೆ ಅದೇ ಮೆಟ್ಟಿಲಾಗುತ್ತದೆ.

ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಸಮಸ್ಯೆ ಬಿಡಿಸುವುದರ ಬಗ್ಗೆ ಬರೆದ ಪುಟ್ಟ ಪುಸ್ತಕದಲ್ಲಿ ನಾಲ್ಕು ಹಂತ ಹೇಳಿದ್ದರು: ಅರ್ಥ ಮಾಡಿಕೊಳ್ಳುವುದು, ದಾರಿ ಹುಡುಕುವುದು, ಮಾಡುವುದು, ಹಿಂತಿರುಗಿ ನೋಡುವುದು. ನಮ್ಮ ಪೀರಿಯಡ್ಡಿನ ಹೊತ್ತೆಲ್ಲ ಮೂರನೆಯದಕ್ಕೇ ಹೋಗುತ್ತದೆ. ಹಿಂತಿರುಗಿ ನೋಡುವುದಂತೂ ಇಲ್ಲವೇ ಇಲ್ಲ. ಆದರೆ ಭಾಗಾಕಾರದ ಲೆಕ್ಕಗಳಲ್ಲಿ ಅದಿಲ್ಲದೆ ಉತ್ತರವೇ ಸಿಗುವುದಿಲ್ಲ. 50ನ್ನು 8ರಿಂದ ಭಾಗಿಸಿದರೆ ಭಾಗಲಬ್ಧ 6, ಶೇಷ 2. ದೇವರಾಯನದುರ್ಗದ ಜಾತ್ರೆಗೆ 50 ಮಕ್ಕಳು ಹೊರಟಿದ್ದಾರೆ, ಒಂದು ವ್ಯಾನಿನಲ್ಲಿ 8 ಮಕ್ಕಳು ಕೂರಬಹುದು, ಎಷ್ಟು ವ್ಯಾನು ಬೇಕು? 7. ಚೀಲಕ್ಕೆ 8ರಂತೆ 50 ತೆಂಗಿನಕಾಯಿ ತುಂಬಿದರೆ ಭರ್ತಿ ಚೀಲ ಎಷ್ಟು? 6. ಚೀಲಕ್ಕೆ ಹಿಡಿಸದೆ ಹೊರಗುಳಿದ ಕಾಯಿ ಎಷ್ಟು? 2. 50 ರೂಪಾಯಿಯನ್ನು 8 ಜನ ಸಮನಾಗಿ ಹಂಚಿಕೊಂಡರೆ? 6 ರೂಪಾಯಿ 25 ಪೈಸೆ. ಅಂಕಿಗಳು ಅವೇ, ಭಾಗಾಕಾರವೂ ಅದೇ, ಉತ್ತರ ನಾಲ್ಕು. ಈ ನಾಲ್ಕನ್ನೂ ಒಂದೇ ದಿನ, ಒಂದರ ಪಕ್ಕ ಒಂದು ಇಟ್ಟು ಕೇಳಬೇಕು. ಇಪ್ಪತ್ತು ಲೆಕ್ಕಗಳ ಮನೆಗೆಲಸಕ್ಕಿಂತ ಇದರ ಫಲ ಹೆಚ್ಚು.

ಶಿಕ್ಷಕರ ಕಷ್ಟವೂ ಇದೆ. ಒಂದು ಲೆಕ್ಕಕ್ಕೆ ಇಡೀ ಪೀರಿಯಡ್ಡು ಕೊಟ್ಟರೆ ಪಾಠ ಮುಗಿಸುವುದು ಯಾವಾಗ? ಪೋಷಕರು ನೋಡುವುದು ನೋಟ್‌ಬುಕ್ಕು ತುಂಬಿದೆಯೇ ಎಂದು. ಎರಡು ಮೂರು ತರಗತಿ ಒಟ್ಟಿಗೆ ಕೂರುವ ಸಣ್ಣ ಶಾಲೆಯಲ್ಲಿ ಒಬ್ಬರೇ ಎಲ್ಲವನ್ನೂ ತೂಗಿಸಬೇಕು. ಅಂಥ ತರಗತಿಗಳಿಗೆಂದೇ ಹುಟ್ಟಿದ್ದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಆ ಪದ್ಧತಿ ಮಕ್ಕಳ ಬಾಯಿ ಬಿಡಿಸಿತು. ಆಮೇಲೆ ಅಕ್ಷರ ಫೌಂಡೇಶನ್ ಮತ್ತು ಸರ್ಕಾರ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದಿಂದ 4, 5ನೇ ತರಗತಿಗಳಿಗೂ ಮುಟ್ಟಿ ಎಣಿಸುವ ಸಾಮಾನಿನ ಪೆಟ್ಟಿಗೆ ಬಂತು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಊರವರ ಎದುರೇ ಗಣಿತ ಸ್ಪರ್ಧೆಗಳು ನಡೆದವು. ಸಾಮಾನು ಬಂದಿದೆ. ಅದನ್ನು ಅಂಕಿಗಳ ಕ್ರಮ ತೋರಿಸುವುದಕ್ಕಷ್ಟೇ ಬಳಸದೆ, ಕಥೆಯನ್ನು ನಡೆಸಿ ನೋಡುವುದಕ್ಕೆ ಬಳಸಬೇಕು. ವಾರಕ್ಕೆ ಎರಡು ಪೀರಿಯಡ್ಡು ಇದಕ್ಕೆ ಮೀಸಲಿಟ್ಟರೂ ದೊಡ್ಡ ಮಾತು.

ಅದರಲ್ಲಿ ಒಂದನ್ನು ಲೆಕ್ಕ ಕಟ್ಟುವುದಕ್ಕೆ ಕೊಡಿ. ಬೋರ್ಡಿನ ಮೇಲೆ 12 − 5 = 7 ಎಂದಷ್ಟೇ ಬರೆದು, ಇದಕ್ಕೆ ಒಂದೊಂದು ಕಥೆ ಮಾಡಿ ಎನ್ನಿ. ಮೊದಲ ದಿನ ಎಲ್ಲರೂ ‘12 ಮಾವಿನಹಣ್ಣು ಇದ್ದವು, 5 ತಿಂದೆ’ ಎಂದೇ ಬರೆಯುತ್ತಾರೆ. ತಿನ್ನದೆ, ಕಳೆದುಹೋಗದೆ, ಯಾರಿಗೂ ಕೊಡದೆ ಕಥೆ ಮಾಡಿ ಎಂದು ಕಟ್ಟು ಹಾಕಿದಾಗ ಹೋಲಿಕೆ ಬರುತ್ತದೆ, ‘ಇನ್ನೆಷ್ಟು ಬೇಕು’ ಬರುತ್ತದೆ, ಅಕ್ಕ ತಂಗಿಯರ ವಯಸ್ಸು ಬರುತ್ತದೆ. ಬೇಕಾದ ಒಂದು ಅಂಕಿ ಬಿಟ್ಟು, ಬೇಡದ ಅಂಕಿಯೊಂದನ್ನು ಸೇರಿಸಿ ಪಕ್ಕದ ಗುಂಪನ್ನು ಕೆಣಕಲು ಹೇಳಿದರೆ ಕಪ್ತಾನನ ವಯಸ್ಸಿನಂಥ ಲೆಕ್ಕಗಳನ್ನು ಮಕ್ಕಳೇ ಮಾಡುತ್ತಾರೆ. ಹಾಗೆ ಮಾಡಿದವರು ಅಂಥ ಬಲೆಗೆ ಸುಲಭಕ್ಕೆ ಬೀಳುವುದಿಲ್ಲ.

ಲೆಕ್ಕವನ್ನು ಕಥೆಯಲ್ಲಿ ಕಟ್ಟುವುದು ಈ ನೆಲಕ್ಕೆ ಹೊಸತೂ ಅಲ್ಲ. 12ನೇ ಶತಮಾನದ ಜೈನ ಕವಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ, ಸೂತ್ರ ಹೇಳಿ ಹಿಂದೆಯೇ ಉದಾಹರಣೆ ಕೊಟ್ಟ. ಅದಕ್ಕೂ ಮುಂಚೆ, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ತುಂಬ ಹಣ್ಣು, ಹೂವು, ದುಂಬಿ, ಆನೆ, ವರ್ತಕರ ಕಥೆಗಳಿವೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದ ಮೇಲೆ ಜಗತ್ತಿಗೆ ಅದರ ಪರಿಚಯವಾಯಿತು. ಅದರಲ್ಲಿನ ಒಂದು ಲೆಕ್ಕ 7ನೇ ತರಗತಿಗೆ ಹೇಳಿ ಮಾಡಿಸಿದ ಹಾಗಿದೆ.

ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲ ಕಾಣುತ್ತದೆ. ‘ಈ ಚೀಲ ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿದ್ದರ ಎರಡರಷ್ಟು ನನ್ನದಾಗುತ್ತದೆ’ ಎನ್ನುತ್ತಾನೆ ಮೊದಲನೆಯವನು. ಎರಡನೆಯವನು ‘ನನಗೆ ಸಿಕ್ಕರೆ ನಿಮ್ಮಿಬ್ಬರ ಮೂರರಷ್ಟು’ ಎನ್ನುತ್ತಾನೆ. ಮೂರನೆಯವನು ‘ನನಗಾದರೆ ಐದರಷ್ಟು’ ಎನ್ನುತ್ತಾನೆ. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಹತ್ತಿರ ಎಷ್ಟಿತ್ತು?

ಬೀಜಗಣಿತ ಬಾರದ ಮಕ್ಕಳಿಗೆ ಹುಡುಕುವ ಭಾರವನ್ನು ಮೊದಲಿಗೆ ಹೊರಿಸಬೇಡಿ. ಚೀಲದಲ್ಲಿ 15, ವರ್ತಕರ ಹತ್ತಿರ 1, 3, 5 ಎಂದು ಹೇಳಿ, ಸರಿಯೇ ಎಂದು ಪರೀಕ್ಷಿಸಲು ಕೊಡಿ. ನಾಲ್ವರು ಮಕ್ಕಳು ಎದ್ದು ನಿಲ್ಲಲಿ, ಒಬ್ಬರು ಚೀಲ, ಮೂವರು ವರ್ತಕರು. ಮೊದಲನೆಯವನಿಗೆ ಚೀಲ ಸಿಕ್ಕರೆ 16, ಉಳಿದಿಬ್ಬರದು 8, ಎರಡರಷ್ಟು ಸರಿ. ಎರಡನೆಯವನಿಗೆ 18, ಉಳಿದಿಬ್ಬರದು 6, ಮೂರರಷ್ಟು ಸರಿ. ಮೂರನೆಯವನಿಗೆ 20, ಉಳಿದಿಬ್ಬರದು 4, ಐದರಷ್ಟು ಸರಿ. ಆಮೇಲೆ ಕೇಳಿ: ಚೀಲದಲ್ಲಿ 30 ಇದ್ದಿದ್ದರೆ? ಎಲ್ಲವನ್ನೂ ಎರಡರಷ್ಟು ಮಾಡಿ 2, 6, 10 ಎಂದು ಯಾರಾದರೂ ಹೇಳುತ್ತಾರೆ, ಅದೂ ಸರಿಹೊಂದುತ್ತದೆ. 150 ಇದ್ದರೆ 10, 30, 50. ಬೋರ್ಡಿನ ಮೇಲಿನ ಲೆಕ್ಕಕ್ಕೆ ಒಂದೇ ಉತ್ತರ ಎಂಬ ಕರಾರು ಅಲ್ಲಿಗೆ ಮುರಿಯುತ್ತದೆ. ಚೀಲದಲ್ಲಿ 20 ಇರಬಹುದೇ ಎಂಬುದನ್ನು ಮನೆಗೆ ಕೊಟ್ಟು ಕಳಿಸಿ. ಮೊದಲನೆಯವನ ಹತ್ತಿರ ಒಂದು ನಾಣ್ಯ ಮತ್ತು ಇನ್ನೊಂದರ ಮೂರನೇ ಒಂದು ಭಾಗ ಇರಬೇಕಾಗುತ್ತದೆ, ಆ ನಾಣ್ಯವನ್ನು ಏನು ಮಾಡುವುದೆಂದು ಮಾರನೆಯ ದಿನ ತರಗತಿಯೇ ಮಾತಾಡಿಕೊಳ್ಳಲಿ.